ಮನೆಯ ಪಾಠಶಾಲೆಯೂ ತಾಯಂದಿರ ಸಮ್ಮೇಳನವೂ

ಒಂದು ಕೆಲಸವನ್ನು ಆರಂಭಿಸುವುದಕ್ಕೆ ಬೇಕಾಗುವ ಉತ್ಸಾಹವು ಬೇರೆ. ಅದನ್ನು ಮೂರನೆಯ ವರ್ಷದ ನಡುವಿನಲ್ಲಿಯೂ ಕೈಬಿಡದೆ ನಡೆಸಿಕೊಂಡು ಹೋಗುವುದಕ್ಕೆ ಬೇಕಾಗುವ ಧೈರ್ಯವು ಬೇರೆ. ಮೊದಲನೆಯದು ಬಹುಮಟ್ಟಿಗೆ ಎಲ್ಲರಲ್ಲಿಯೂ ಉಂಟು. ಎರಡನೆಯದನ್ನು ಮಾತ್ರ ಬಾವಿಯಿಂದ ನೀರು ಸೇದಿ ತಂದಂತೆ ಆಗಾಗ್ಗೆ ತಂದು ತುಂಬಿಕೊಳ್ಳುತ್ತಲೇ ಇರಬೇಕು. ಈ ತಿಂಗಳು ನಮಗೆ ಬಂದಿರುವ ಪತ್ರವೊಂದು ಈ ಮಾತನ್ನು ನೆನಪಿಗೆ ತಂದಿತು.

ಪತ್ರವನ್ನು ಬರೆದವರು ಮಂಗಳೂರಿನ ಕಡೆಯ ಒಂದು ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಈಗ ಅಮೆರಿಕಾ ದೇಶದ ವರ್ಜೀನಿಯಾ ಸಂಸ್ಥಾನದಲ್ಲಿ ಸಂಸಾರ ಹೂಡಿರುವ ಸೋದರಿಯೊಬ್ಬರು. ಅವರಿಗೆ ಮೂವರು ಮಕ್ಕಳು: ಹತ್ತು ವರ್ಷದ ಮಗಳು, ಏಳು ವರ್ಷದ ಮಗ, ನಾಲ್ಕು ವರ್ಷದ ಕೂಸು. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ತಾವು ಪಾಠ ಹೇಳುತ್ತಿದ್ದಾರೆ. ಎರಡು ವರ್ಷ ಎಲ್ಲವೂ ಸುಗಮವಾಗಿ ನಡೆಯಿತಂತೆ. ಈ ಚಳಿಗಾಲದಲ್ಲಿ ಮಾತ್ರ ಮನಸ್ಸು ಕುಗ್ಗಿಹೋಗಿದೆ. ಮಗನು ಇನ್ನೂ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ತಡವರಿಸಿ ಓದುತ್ತಾನೆ. ಲೆಕ್ಕದ ಪುಸ್ತಕವನ್ನು ತೆರೆದರೆ ಮಗಳ ಕಣ್ಣಲ್ಲಿ ನೀರು, ತಾಯಿಯ ಬಾಯಲ್ಲಿ ಗದರಿಕೆ. ಚಿಕ್ಕದು ಇಬ್ಬರ ಪುಸ್ತಕವನ್ನೂ ಎಳೆದುಹಾಕುತ್ತದೆ. ಊರಿನ ಬಂಧುಗಳು ಮಾತನಾಡಿದಾಗಲೆಲ್ಲ, “ಮಕ್ಕಳ ಭವಿಷ್ಯವನ್ನು ಹೀಗೇಕೆ ಕೆಡಿಸುತ್ತಿದ್ದೀಯೆ?” ಎಂದು ಕೇಳುತ್ತಾರಂತೆ. ಹೀಗಿರಲಾಗಿ, ಅವರ ಸಭೆಯ ಗೆಳತಿಯೊಬ್ಬರು ಗೃಹಶಿಕ್ಷಣದ ಕ್ರೈಸ್ತ ಸಮ್ಮೇಳನವೊಂದಕ್ಕೆ ಜೊತೆಯಲ್ಲಿ ಬರುವಂತೆ ಕರೆದಿದ್ದಾರೆ. “ಪ್ರವೇಶದ ಹಣ, ಎರಡು ರಾತ್ರಿಯ ವಸತಿಯ ಖರ್ಚು, ಇವನ್ನು ತೆತ್ತು ಅಲ್ಲಿಗೆ ಹೋಗುವುದರಿಂದ ಪ್ರಯೋಜನವುಂಟೇ? ಇಲ್ಲವೇ ಸೋಲನ್ನು ಒಪ್ಪಿಕೊಂಡು ಮಕ್ಕಳನ್ನು ಶಾಲೆಗೆ ಸೇರಿಸಿಬಿಡಲೇ?” ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಹೇಳುವುದಕ್ಕೆ ಮುಂಚೆ, ಈ ಪದ್ಧತಿಯ ಪರಿಚಯವಿಲ್ಲದ ವಾಚಕರಿಗಾಗಿ ನಾಲ್ಕು ಮಾತುಗಳನ್ನು ಹೇಳುವುದು ಅವಶ್ಯಕ. ತಂದೆತಾಯಿಗಳೇ ಮನೆಯಲ್ಲಿ ಮಕ್ಕಳಿಗೆ ವಿದ್ಯೆ ಕಲಿಸುವ ಕ್ರಮಕ್ಕೆ ಆ ದೇಶದಲ್ಲಿ ಹೋಂಸ್ಕೂಲಿಂಗ್ ಎಂದು ಹೆಸರು. 1970ರ ದಶಕದಲ್ಲಿ ಇದನ್ನು ಕೈಕೊಂಡವರು ವಿರಳ. ಅನೇಕ ಸಂಸ್ಥಾನಗಳಲ್ಲಿ ಕಾನೂನಿನ ಭಯವೂ ಇದ್ದಿತು. ಇಂತಹ ಕುಟುಂಬಗಳ ಪರವಾಗಿ ನ್ಯಾಯಸ್ಥಾನಗಳಲ್ಲಿ ವಾದಿಸುವುದಕ್ಕಾಗಿ ಮೈಕೆಲ್ ಫ್ಯಾರಿಸ್, ಮೈಕೆಲ್ ಸ್ಮಿತ್ ಎಂಬ ಇಬ್ಬರು ವಕೀಲರು 1983ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದರು. ವರ್ಜೀನಿಯಾದಲ್ಲಿ 1984ರಲ್ಲಿ ಶಾಸನವಾಯಿತು. 1993ರ ವೇಳೆಗೆ ಐವತ್ತು ಸಂಸ್ಥಾನಗಳಲ್ಲಿಯೂ ಈ ಕ್ರಮವು ನ್ಯಾಯಸಮ್ಮತವೆನಿಸಿತು. ಅಲ್ಲಿಯ ಸರ್ಕಾರದ ಲೆಕ್ಕದಂತೆ ಮನೆಯಲ್ಲಿ ಕಲಿಯುವ ಮಕ್ಕಳು 1999ರಲ್ಲಿ ಸುಮಾರು 8,50,000 ಮಂದಿ. 2016ರಲ್ಲಿ ಸುಮಾರು 17 ಲಕ್ಷ ಮಂದಿ. ಇವರೆಲ್ಲರೂ ಧರ್ಮದ ಕಾರಣದಿಂದಲೇ ಶಾಲೆಯನ್ನು ಬಿಟ್ಟವರಲ್ಲ. ಆದರೆ ಸಂಘಗಳನ್ನು ಕಟ್ಟಿ, ವರ್ಷಕ್ಕೊಮ್ಮೆ ಸಮ್ಮೇಳನವನ್ನು ಕೂಡಿಸುವುದರಲ್ಲಿ ಕ್ರೈಸ್ತ ಕುಟುಂಬಗಳು ಮುಂದಾಗಿವೆ.

ಇದಕ್ಕೆ ಕಾರಣವೂ ಉಂಟು. ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ದೇವರ ಮಾತನ್ನು ಮಕ್ಕಳಿಗೆ ಕಲಿಸಬೇಕೆಂಬ ವಿಧಿಯು ಸತ್ಯವೇದದ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿದೆ. ಮನೆಯ ಪಾಠವು ಈ ವಿಧಿಯನ್ನು ನಡೆಸುವ ಒಂದು ಮಾರ್ಗವೆಂದು ಈ ಕುಟುಂಬಗಳು ನಂಬುತ್ತವೆ. ಆದುದರಿಂದಲೇ ಅವರ ಆಯಾಸಕ್ಕೆ ಮಿಕ್ಕವರ ಆಯಾಸಕ್ಕಿಂತ ಭಾರ ಹೆಚ್ಚು. ಲೆಕ್ಕ ತಪ್ಪಿದರೆ ತಪ್ಪಿದ್ದು ಬರಿಯ ಲೆಕ್ಕವಲ್ಲ, ದೇವರು ತನಗೆ ಒಪ್ಪಿಸಿದ ಕೆಲಸವೇ ತಪ್ಪಿತೆಂದು ತಾಯಿಯು ಕೊರಗುವಳು. ನಮ್ಮ ಸೋದರಿಯವರ ಪತ್ರದಲ್ಲಿ ಸೋಲೆಂಬ ಮಾತು ಬಂದಿರುವುದು ಇದರಿಂದಲೇ ಇರಬೇಕು.

ಇಂತಹವರಿಗೆ ಮೊದಲು ತಿಳಿಯತಕ್ಕದ್ದೇನೆಂದರೆ, ಈ ದಾರಿಯಲ್ಲಿ ದಣಿದವರಲ್ಲಿ ತಾವೇ ಮೊದಲಿಗರಲ್ಲವೆಂಬುದು. ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಎಪ್‌ವರ್ತ್ ಎಂಬ ಗ್ರಾಮದಲ್ಲಿ ಸುಸನ್ನಾ ವೆಸ್ಲಿಯವರು (1669–1742) ತಮ್ಮ ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸಿದರು. ಮೆಥಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿಯವರು ಈ ತಾಯಿಯ ಮಕ್ಕಳೇ. ಅವರು ಹೆತ್ತದ್ದು ಹತ್ತೊಂಬತ್ತು, ಉಳಿದದ್ದು ಹತ್ತು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು, ಹೀಗೆ ದಿನಕ್ಕೆ ಆರು ಗಂಟೆ ಪಾಠ. ಹೆಣ್ಣುಮಕ್ಕಳು ಚೆನ್ನಾಗಿ ಓದಲು ಕಲಿಯುವ ತನಕ ಅವರ ಕೈಗೆ ಹೊಲಿಗೆಯ ಕೆಲಸವನ್ನು ಕೊಡಲಾಗದೆಂಬುದು ಮನೆಯ ನಿಯಮ. 1709ರಲ್ಲಿ ಮನೆಯು ಬೆಂಕಿಗೆ ಆಹುತಿಯಾಗಿ ಮಕ್ಕಳು ಹಲವರ ಮನೆಗಳಲ್ಲಿ ಹಂಚಿಹೋದರು. ಮರಳಿ ಬಂದಾಗ ಕಲಿತ ಒಳ್ಳೆಯ ಅಭ್ಯಾಸಗಳೆಲ್ಲ ಕೆಟ್ಟಿದ್ದವು. ತಾಯಿಯು ಮೊದಲಿನಿಂದ ತಿದ್ದಬೇಕಾಯಿತು. ಒಂದೇ ಮಾತನ್ನು ಒಂದು ಮಗುವಿಗೆ ಇಪ್ಪತ್ತು ಸಲ ಹೇಳುವುದನ್ನು ಕೇಳಿ ಪತಿಯು ಬೆರಗಾದಾಗ, ಹತ್ತೊಂಬತ್ತಕ್ಕೇ ನಿಲ್ಲಿಸಿದ್ದರೆ ಅಷ್ಟು ಶ್ರಮವೂ ವ್ಯರ್ಥವಾಗುತ್ತಿತ್ತೆಂದು ಅವರು ಉತ್ತರ ಕೊಟ್ಟರೆಂದು ಹೇಳುವುದುಂಟು.

ಇನ್ನೊಂದು ಸಂಗತಿಯು ನಮ್ಮ ಸೋದರಿಯವರಿಗೆ ವಿಶೇಷವಾಗಿ ಸಲ್ಲುತ್ತದೆ. ಮಗನಾದ ಜಾನನಿಗೆ 1732ರಲ್ಲಿ ಬರೆದ ಕಾಗದದಲ್ಲಿ ಸುಸನ್ನಾ ಅವರು ತಮ್ಮ ಪದ್ಧತಿಯನ್ನು ವಿವರಿಸಿದ್ದಾರೆ. ಐದು ವರ್ಷ ತುಂಬಿದ ಮಗುವಿಗೆ ಒಂದೇ ದಿನದಲ್ಲಿ ಅಕ್ಷರಮಾಲೆಯನ್ನು ಕಲಿಸುತ್ತಿದ್ದರು. ಇಬ್ಬರಿಗೆ ಮಾತ್ರ ಒಂದೂವರೆ ದಿನ ಹಿಡಿಯಿತು. ಆ ಇಬ್ಬರನ್ನು ಆಗ ಮಂದಬುದ್ಧಿಯವರೆಂದೇ ಎಣಿಸಿದುದಾಗಿಯೂ, ಬೇರೆ ಮಕ್ಕಳು ಕಲಿಯುವುದಕ್ಕೆ ಎಷ್ಟು ಕಾಲ ಬೇಕಾಗುವುದೆಂದು ಕಂಡಮೇಲೆ ಆ ಎಣಿಕೆಯನ್ನು ಬದಲಿಸಿಕೊಂಡುದಾಗಿಯೂ ಬರೆದಿದ್ದಾರೆ. ಬೇರೆ ಮಕ್ಕಳನ್ನು ನೋಡದ ತಾಯಿಗೆ ತನ್ನ ಮಗುವನ್ನು ಅಳೆಯುವ ಅಳತೆಗೋಲು ಸರಿಯಾಗಿರುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಮ್ಮೇಳನದ ಮೊದಲನೆಯ ಉಪಯೋಗವು ಇಲ್ಲಿಯೇ ಇದೆ.

ತಂದೆತಾಯಿಗಳು ಒಟ್ಟುಗೂಡಿ ಮಕ್ಕಳ ಶಿಕ್ಷಣವನ್ನು ವಿಚಾರ ಮಾಡುವ ಪದ್ಧತಿಯೂ ಹೊಸದಲ್ಲ. ಷಾರ್ಲಟ್ ಮೇಸನ್ (1842–1923) ಎಂಬ ಉಪಾಧ್ಯಾಯಿನಿಯವರು ಬ್ರಾಡ್‌ಫರ್ಡ್ ನಗರದಲ್ಲಿ ಮಾಡಿದ ಉಪನ್ಯಾಸಗಳು 1886ರಲ್ಲಿ ‘ಗೃಹಶಿಕ್ಷಣ’ವೆಂಬ ಅರ್ಥದ ಹೆಸರಿನಿಂದ ಗ್ರಂಥರೂಪವಾಗಿ ಬಂದವು. ಮರುವರ್ಷ ಅಲ್ಲಿಯೇ ತಂದೆತಾಯಿಗಳ ಸಂಘವು ಹುಟ್ಟಿತು. 1890ರಲ್ಲಿ ಅವರಿಗಾಗಿ ಒಂದು ಮಾಸಪತ್ರಿಕೆಯು ಹೊರಟಿತು. ಮೇಸನ್ ಅವರು ತೀರಿಕೊಂಡ ಮೇಲೆ ಅವರ ಗ್ರಂಥಗಳು ಬಹುಕಾಲ ಮರೆಯಲ್ಲಿದ್ದವು. 1984ರಲ್ಲಿ ಸೂಸನ್ ಷೇಫರ್ ಮಕಾಲೆ ಎಂಬವರು ತಮ್ಮ ಪುಸ್ತಕದ ಮೂಲಕ ಅವರ ವಿಚಾರಗಳನ್ನು ಅಮೆರಿಕಾದ ಕ್ರೈಸ್ತ ತಾಯಂದಿರ ಮುಂದಿಟ್ಟರು. 1989ರಲ್ಲಿ ಮೇಸನ್ ಅವರ ಆರು ಸಂಪುಟಗಳೂ ಮತ್ತೆ ಅಚ್ಚಾದವು. ಹೀಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ವಿಚಾರವು ನೂರು ವರ್ಷ ಕಳೆದಮೇಲೆ ಸಮುದ್ರದ ಆಚೆಯ ಅಡಿಗೆಮನೆಗಳಲ್ಲಿ ಚಿಗುರಿತು.

ಈಗ ಸಮ್ಮೇಳನದ ಸ್ವರೂಪವನ್ನು ನೋಡೋಣ. ವಸಂತಕಾಲದಿಂದ ಬೇಸಗೆಯ ಆರಂಭದವರೆಗೆ ಅನೇಕ ಸಂಸ್ಥಾನಗಳಲ್ಲಿ ಇವು ಎರಡು ಮೂರು ದಿನಗಳ ಕಾಲ ನಡೆಯುತ್ತವೆ. ವರ್ಜೀನಿಯಾದ ಸಂಘವು ಬಹುಕಾಲದಿಂದ ರಿಚ್ಮಂಡ್ ನಗರದಲ್ಲಿ ಜೂನ್ ತಿಂಗಳಲ್ಲಿ ತನ್ನ ಸಮ್ಮೇಳನವನ್ನು ನಡೆಸಿಕೊಂಡು ಬಂದಿದೆ. ದೊಡ್ಡ ಸಭಾಂಗಣದಲ್ಲಿ ಪ್ರಾರ್ಥನೆ, ಪ್ರಧಾನ ಭಾಷಣ. ಆಮೇಲೆ ಹತ್ತಾರು ಕೊಠಡಿಗಳಲ್ಲಿ ಏಕಕಾಲದಲ್ಲಿ ಗಂಟೆಗೊಂದರಂತೆ ಉಪನ್ಯಾಸಗಳು. ಒಂದು ಕಡೆ ಓದು ಕಲಿಸುವ ರೀತಿ, ಇನ್ನೊಂದು ಕಡೆ ಬೀಜಗಣಿತ, ಮತ್ತೊಂದು ಕಡೆ ಕಾಲೇಜಿನ ಪ್ರವೇಶಕ್ಕೆ ಬೇಕಾಗುವ ದಾಖಲೆಗಳ ಕ್ರಮ, ಬೇರೊಂದು ಕಡೆ ತಂದೆಯರ ಕರ್ತವ್ಯ. ಇದರ ಪಕ್ಕದಲ್ಲಿ ಪುಸ್ತಕಗಳ ದೊಡ್ಡ ಸಂತೆ. ಕೆಲವು ಕಡೆಗಳಲ್ಲಿ ಮನೆಯಲ್ಲಿಯೇ ಪ್ರೌಢಶಿಕ್ಷಣವನ್ನು ಮುಗಿಸಿದ ತರುಣ ತರುಣಿಯರಿಗೆ ನಿಲುವಂಗಿ ತೊಡಿಸಿ ಪದವಿದಾನವನ್ನೂ ಮಾಡುತ್ತಾರೆ. ಏಳು ವರ್ಷದ ಮಗನೊಡನೆ ಹೆಣಗುತ್ತಿರುವ ತಾಯಿಗೆ ಹದಿನೆಂಟು ವರ್ಷದವರ ಆ ಸಾಲನ್ನು ನೋಡುವುದೇ ಒಂದು ಔಷಧವೆಂದು ಹೇಳಬೇಕು.

ಆದರೆ ನಿಜವಾದ ಪ್ರೋತ್ಸಾಹವು ದೊರೆಯುವುದು ವೇದಿಕೆಯಿಂದಲ್ಲ. ಊಟದ ಮೇಜಿನ ಬಳಿ, ಪಕ್ಕದಲ್ಲಿ ಕುಳಿತವರಿಂದ. “ನಮ್ಮ ಮನೆಯಲ್ಲಿಯೂ ಲೆಕ್ಕಕ್ಕೆ ಕಣ್ಣೀರೇ” ಎಂದು ಒಬ್ಬ ಅಪರಿಚಿತೆ ಹೇಳಿದ ಕೂಡಲೇ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಒಂಟಿಯಾಗಿ ಮನೆಯೊಳಗಿರುವವಳಿಗೆ ತನ್ನ ದೋಸೆಯ ತೂತು ಮಾತ್ರವೇ ಕಾಣುತ್ತದೆ. ಶಾಲೆಯ ಉಪಾಧ್ಯಾಯಿನಿಗೆ ಸಹೋದ್ಯೋಗಿಗಳಿದ್ದಾರೆ, ಕಷ್ಟವನ್ನು ಹೇಳಿಕೊಳ್ಳುವ ಕೊಠಡಿಯುಂಟು. ಮನೆಯ ಉಪಾಧ್ಯಾಯಿನಿಗೆ ಅದೊಂದೂ ಇಲ್ಲ. ವರ್ಷಕ್ಕೆ ಎರಡು ದಿನವಾದರೂ ಅದು ದೊರೆತರೆ, ತೆತ್ತ ಹಣಕ್ಕೆ ನಷ್ಟವಿಲ್ಲ.

ಇನ್ನು ಅಲ್ಲಿಂದ ತರಬಹುದಾದ ಉಪಾಯಗಳು. ಸೋದರಿಯವರ ಮನೆಗೆ ಹೊಂದುವ ಮೂರನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು, ಪಾಠವನ್ನು ಕಿರಿದು ಮಾಡುವುದು. ಮೇಸನ್ ಅವರ ಕ್ರಮದಲ್ಲಿ ಚಿಕ್ಕ ಮಕ್ಕಳ ಒಂದು ಪಾಠವು ಇಪ್ಪತ್ತು ನಿಮಿಷವನ್ನು ಮೀರುವುದಿಲ್ಲ. ಆರು ವರ್ಷಕ್ಕೆ ಮುಂಚೆ ಕ್ರಮವಾದ ಪಾಠವೇ ಇಲ್ಲ. ಒಂದು ಭಾಗವನ್ನು ಒಂದೇ ಸಲ ಓದಿ ಹೇಳಿ, ಕೇಳಿದುದನ್ನು ಮಗುವು ತನ್ನ ಮಾತಿನಲ್ಲಿ ಮರಳಿ ಹೇಳುವಂತೆ ಮಾಡುವುದು ಅವರ ಮುಖ್ಯ ಸಾಧನ. ತಡವರಿಸಿ ಓದುವ ಹುಡುಗನೂ ಕೇಳಿದ ಕಥೆಯನ್ನು ಚೆನ್ನಾಗಿ ಹೇಳಬಲ್ಲನು. ಅವನ ಬುದ್ಧಿಯು ಓದಿಗಾಗಿ ಕಾದು ಹಸಿದಿರಬೇಕಾಗಿಲ್ಲ.

ಎರಡನೆಯದು, ಲೆಕ್ಕದ ಪುಸ್ತಕವನ್ನು ಮಗುವಿಗೆ ತಕ್ಕಂತೆ ಆರಿಸುವುದು. ಸಮ್ಮೇಳನದ ಸಂತೆಯಲ್ಲಿ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಪುಟ ತಿರುಗಿಸಿ ನೋಡಬಹುದು. ಬೇರೆ ಕಡೆಗಳಲ್ಲಿ ಈ ಸೌಕರ್ಯವು ಸುಲಭವಾಗಿ ದೊರೆಯದು. ಸ್ಯಾಕ್ಸನ್ ಎಂಬ ಕ್ರಮದಲ್ಲಿ ದಿನಕ್ಕೆ ಸ್ವಲ್ಪ ಹೊಸದು, ಉಳಿದದ್ದೆಲ್ಲ ಹಿಂದಿನದರ ಪುನರಾವೃತ್ತಿ. ಮರೆಯುವ ಮಕ್ಕಳಿಗೆ ಇದು ಹಿತ. ಮ್ಯಾಥ್-ಯು-ಸೀ ಎಂಬ ಕ್ರಮದಲ್ಲಿ ಬಣ್ಣಬಣ್ಣದ ಕಟ್ಟುಗಳನ್ನು ಜೋಡಿಸಿ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡುತ್ತಾರೆ. ಕೈಯಿಂದ ಮುಟ್ಟಿ ತಿಳಿಯುವ ಮಕ್ಕಳಿಗೆ ಅದು ಹಿತ. ಮಗಳು ಅಳುವುದು ಲೆಕ್ಕಕ್ಕೋ ಪುಸ್ತಕಕ್ಕೋ ಎಂಬುದನ್ನು ಮೊದಲು ತಿಳಿಯಬೇಕು.

ಮೂರನೆಯದಕ್ಕೆ ಕಾಸಿನ ಖರ್ಚೂ ಇಲ್ಲ. ಸುಸನ್ನಾ ಅವರು ವಾರದ ಸಂಜೆಗಳನ್ನು ಮಕ್ಕಳಿಗೆ ಹಂಚಿಕೊಟ್ಟು, ಒಂದೊಂದು ಮಗುವಿನೊಡನೆ ಏಕಾಂತದಲ್ಲಿ ಮಾತನಾಡುತ್ತಿದ್ದರು. ಜಾನನ ಪಾಲಿಗೆ ಗುರುವಾರ. ದೊಡ್ಡವನಾದ ಮೇಲೂ ಆತನು ಆ ಸಂಜೆಯನ್ನು ಮರೆಯಲಿಲ್ಲ. ಪಾಠ ಹೇಳುವ ತಾಯಿಯು ಬರಬರುತ್ತ ಉಪಾಧ್ಯಾಯಿನಿ ಮಾತ್ರವೇ ಆಗಿಬಿಡುವ ಅಪಾಯವುಂಟು. ವಾರಕ್ಕೆ ಒಂದು ಗಂಟೆ ಅವಳು ತಾಯಿಯಾಗಿ ಮಾತ್ರ ಇರಲಿ.

ಇಷ್ಟು ಹೇಳಿದಮೇಲೆ ಎಚ್ಚರಿಕೆಯ ಮಾತುಗಳನ್ನೂ ಹೇಳದಿದ್ದರೆ ನಮ್ಮ ಕರ್ತವ್ಯಕ್ಕೆ ಲೋಪ ಬರುತ್ತದೆ.

ಸಮ್ಮೇಳನವು ಸಂತೆಯೂ ಹೌದು. ಅಲ್ಲಿ ಧೈರ್ಯವನ್ನು ಹೇಳುವವರಲ್ಲಿ ಅನೇಕರು ಪುಸ್ತಕವನ್ನು ಮಾರುವವರೂ ಆಗಿರುತ್ತಾರೆ. ದಣಿದ ಮನಸ್ಸಿಗೆ ಹೊಸ ಪುಸ್ತಕವು ಹೊಸ ಬಾಳಿನಂತೆ ಕಾಣುತ್ತದೆ. ನಾಲ್ಕು ಚೀಲ ತುಂಬಿಕೊಂಡು ಬಂದವರ ಕಪಾಟಿನಲ್ಲಿ ಮೂರು ಚೀಲದ ಪುಸ್ತಕಗಳು ಧೂಳು ತಿನ್ನುತ್ತವೆ. ಅಲ್ಲಿ ಕಾಣುವ ಆದರ್ಶ ಸಂಸಾರಗಳನ್ನು ನೋಡಿ ಹೋಲಿಸಿಕೊಂಡು ಕುಗ್ಗುವುದೂ ಕೂಡದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅಲ್ಲಿ ಹೇಳುವುದೆಲ್ಲವೂ ಕ್ರೈಸ್ತರ ಏಕಮತವೆಂದು ಭಾವಿಸುವುದೂ ಸಲ್ಲದು. ಸೃಷ್ಟಿಯ ಕಥೆಯನ್ನು ಹೇಗೆ ಅರ್ಥಮಾಡಬೇಕೆಂಬ ವಿವಾದದಲ್ಲಿ, ಪೀಟರ್ ಎನ್ಸ್ ಎಂಬ ವಿದ್ವಾಂಸರನ್ನು ಖಂಡಿಸಿದ ಕೆನ್ ಹ್ಯಾಮ್ ಎಂಬ ಉಪನ್ಯಾಸಕರಿಗೆ 2011ರಲ್ಲಿ ಇಂತಹ ಸಮ್ಮೇಳನಗಳ ವ್ಯವಸ್ಥಾಪಕರು ಕೊಟ್ಟಿದ್ದ ಆಹ್ವಾನವನ್ನೇ ಹಿಂದಕ್ಕೆ ಪಡೆದರು. ವಿಜ್ಞಾನದ ಪುಸ್ತಕವನ್ನು ಕೊಳ್ಳುವವರು ಅದರಲ್ಲಿ ಏನಿದೆಯೆಂದು ತಾವೇ ಓದಿ ನೋಡಬೇಕು. ಮುಂದೆ ಮಗುವು ವಿಶ್ವವಿದ್ಯಾನಿಲಯದಲ್ಲಿ ಕೇಳಲಿರುವುದನ್ನೂ ನೆನಪಿನಲ್ಲಿಡಬೇಕು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯು ಮಗನ ಓದಿನ ವಿಷಯದಲ್ಲಿ. ತಡವಾಗಿ ಓದುವ ಮಕ್ಕಳ ತಾಯಂದಿರಿಗೆ ಸಮ್ಮೇಳನಗಳಲ್ಲಿ, “ಅವಸರಪಡಬೇಡಿ, ಕಾಲ ಬಂದಾಗ ಓದುತ್ತಾನೆ” ಎಂಬ ಸಮಾಧಾನವು ಧಾರಾಳವಾಗಿ ದೊರೆಯುತ್ತದೆ. ರೇಮಂಡ್ ಮೂರ್, ಡೊರೊಥಿ ಮೂರ್ ದಂಪತಿಗಳು 1975ರಲ್ಲಿ ಬರೆದ ಗ್ರಂಥದಿಂದ ಈ ವಾದವು ಗೃಹಶಿಕ್ಷಣದವರಲ್ಲಿ ಬಲವಾಗಿ ಬೇರೂರಿತು. ಅನೇಕ ಮಕ್ಕಳ ವಿಷಯದಲ್ಲಿ ಈ ಮಾತು ಸತ್ಯವೂ ಆಗಬಹುದು. ಆದರೆ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರುವ ಮಗುವಿಗೆ ಬರಿಯ ಕಾಯುವಿಕೆಯಿಂದ ಗುಣವಾಗದು. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮವಾಗಿ, ಬಿಡದೆ ಕಲಿಸಬೇಕು, ಅದೂ ಎಷ್ಟು ಬೇಗ ಆರಂಭಿಸಿದರೆ ಅಷ್ಟು ಮೇಲು. ಆ ತೊಡಕು ಬುದ್ಧಿಯ ಕೊರತೆಯಲ್ಲ, ತಾಯಿಯ ತಪ್ಪೂ ಅಲ್ಲ. ಆದುದರಿಂದ ಸೋದರಿಯವರು ಜೂನ್ ತಿಂಗಳವರೆಗೆ ಕಾಯದೆ ಮಗನ ಕಣ್ಣು ಕಿವಿಗಳನ್ನೂ ಓದನ್ನೂ ತಜ್ಞರಿಂದ ಪರೀಕ್ಷೆ ಮಾಡಿಸತಕ್ಕದ್ದು. ತಾವಿರುವ ಪ್ರದೇಶದ ಸರ್ಕಾರಿ ಶಾಲಾವಿಭಾಗದವರನ್ನು ಬರವಣಿಗೆಯ ಮೂಲಕ ಕೇಳಿದರೆ ಅದರ ಮಾರ್ಗವು ತಿಳಿಯುವುದು. ಸತ್ಯವನ್ನು ಮರೆಮಾಡುವ ಸಮಾಧಾನವು ಪ್ರೋತ್ಸಾಹವಲ್ಲ.

ಹೊರಗಿನವರ ಕಣ್ಣು ತಮ್ಮ ಮನೆಯ ಮೇಲೆ ಬೀಳಬಾರದೆಂದು ಕೆಲವರು ವಾದಿಸುವುದುಂಟು. ಆದರೆ ಮನೆಯಲ್ಲಿಯೇ ಕಲಿತು ಬೆಳೆದ ಕೆಲವರು 2013ರಲ್ಲಿ ಒಂದು ಸಂಸ್ಥೆಯನ್ನು ಕಟ್ಟಿ, ಮಕ್ಕಳ ಹಿತಕ್ಕಾಗಿ ಮೇಲ್ವಿಚಾರಣೆಯು ಬೇಕೆಂದು ಕೇಳಿದರು. ವರ್ಜೀನಿಯಾದ ನಿಯಮದಂತೆ ಆಗಸ್ಟ್ 15ರೊಳಗೆ ಮನೆಯಲ್ಲಿ ಕಲಿಸುವ ಉದ್ದೇಶವನ್ನು ಶಾಲಾಧಿಕಾರಿಗಳಿಗೆ ತಿಳಿಸಬೇಕು. ವರ್ಷದ ಕೊನೆಯಲ್ಲಿ, ಆಗಸ್ಟ್ 1ರೊಳಗೆ, ಪರೀಕ್ಷೆಯಿಂದಾಗಲಿ ಅರ್ಹರ ಪತ್ರದಿಂದಾಗಲಿ ಮಗುವಿನ ಪ್ರಗತಿಯನ್ನು ತೋರಿಸಬೇಕು. ಇದನ್ನು ಕಿರುಕುಳವೆಂದು ತಿಳಿಯದೆ ಕನ್ನಡಿಯೆಂದು ತಿಳಿಯುವುದು ಲೇಸು.

ಆದುದರಿಂದ, ಹೋಗಿ ಬನ್ನಿರೆಂಬುದೇ ನಮ್ಮ ಉತ್ತರ. ಹೊರಡುವುದಕ್ಕೆ ಮುಂಚೆ ಮನೆಯ ಮುಖ್ಯ ತೊಂದರೆಗಳು ಎರಡೋ ಮೂರೋ, ಅವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ; ಅವಕ್ಕೆ ಸಂಬಂಧಿಸಿದ ಉಪನ್ಯಾಸಗಳನ್ನು ಮಾತ್ರ ಆರಿಸಿಕೊಳ್ಳಿ. ಸಾಧ್ಯವಿದ್ದರೆ ಪತಿಯೊಡನೆ ಹೋಗಿ. ಒಬ್ಬರ ಕಿವಿಗೆ ಬಿದ್ದ ಉಪಾಯಕ್ಕಿಂತ ಇಬ್ಬರ ಕಿವಿಗೆ ಬಿದ್ದ ಉಪಾಯವು ಮನೆಯಲ್ಲಿ ನಿಲ್ಲುತ್ತದೆ. ಮೊದಲನೆಯ ದಿನ ಏನನ್ನೂ ಕೊಳ್ಳದೆ ನೋಡಿ ಮಾತ್ರ ಬನ್ನಿ. ಎರಡನೆಯ ದಿನ, ಮೊದಲೇ ಗೊತ್ತುಮಾಡಿದ ಹಣಕ್ಕೆ ಮೀರದಂತೆ ಕೊಳ್ಳಿ. ನಿಮ್ಮೂರಿನ ಸಮೀಪದ ಒಬ್ಬಿಬ್ಬರು ತಾಯಂದಿರ ಪರಿಚಯ ಮಾಡಿಕೊಂಡು, ತಿಂಗಳಿಗೊಮ್ಮೆ ಸೇರುವ ಏರ್ಪಾಡನ್ನು ಅಲ್ಲಿಯೇ ಮಾಡಿಕೊಳ್ಳಿ. ಮನೆಗೆ ಬಂದಮೇಲೆ ಒಂದೇ ಒಂದು ಹೊಸ ಕ್ರಮವನ್ನು ಆರಂಭಿಸಿ ಆರು ವಾರ ಬಿಡದೆ ನಡೆಸಿ. ಹತ್ತನ್ನು ಒಮ್ಮೆಗೇ ಹಿಡಿದರೆ ಅದು ಆರಂಭಶೂರತ್ವವಾದೀತು.

ಶಾಲೆಗೆ ಸೇರಿಸುವ ವಿಚಾರವನ್ನು ಚಳಿಗಾಲದ ಬೇಸರದಲ್ಲಿ ತೀರ್ಮಾನಿಸಬೇಡಿ. ಸಮ್ಮೇಳನದಿಂದ ಬಂದು, ಮಗನ ಪರೀಕ್ಷೆಯ ಫಲವನ್ನು ತಿಳಿದು, ಪತಿಪತ್ನಿಯರು ಪ್ರಾರ್ಥನೆಮಾಡಿ ಶಾಂತಚಿತ್ತದಿಂದ ನಿಶ್ಚಯಿಸಿರಿ. ಆಗಲೂ ಮಗನಿಗೆ ಶಾಲೆಯೇ ಹಿತವೆಂದು ತೋರಿದರೆ ಅದನ್ನು ಸೋಲೆಂದು ಎಣಿಸಬೇಕಾದುದಿಲ್ಲ. ಮನೆಯಲ್ಲಿಯೂ ದಾರಿಯಲ್ಲಿಯೂ ಮಕ್ಕಳಿಗೆ ಕಲಿಸಬೇಕೆಂಬ ವಿಧಿಯು ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳಿಗೂ ಅಷ್ಟೇ ಅನ್ವಯಿಸುತ್ತದೆ. ದೇವರು ತಾಯಿಗೆ ಒಪ್ಪಿಸಿರುವುದು ಮಗುವನ್ನು, ಒಂದು ಪದ್ಧತಿಯನ್ನಲ್ಲ.

ನಮ್ಮ ಮಿಕ್ಕ ವಾಚಕರಲ್ಲಿ ಬಹುಮಂದಿಯ ಮಕ್ಕಳು ಶಾಲೆಗೆ ಹೋಗುವವರೇ. ಆದರೂ ಸಂಜೆಯ ಪಾಠ, ಮನೆಯ ಲೆಕ್ಕ, ಪರೀಕ್ಷೆಯ ಕಾಲದ ಗದರಿಕೆ ಯಾರ ಮನೆಯಲ್ಲಿಲ್ಲ? ಅದಕ್ಕೆ ದೊಡ್ಡ ನಗರದ ಸಮ್ಮೇಳನವೇ ಬೇಕೆಂದಿಲ್ಲ. ಒಂದು ಬೀದಿಯ ನಾಲ್ಕು ಮನೆಯ ತಾಯಂದಿರು ತಿಂಗಳಿಗೊಂದು ಮಧ್ಯಾಹ್ನ ಕೂಡಿ, ತಮ್ಮ ಮಕ್ಕಳ ಹೆಚ್ಚಳವನ್ನು ಹೇಳಿಕೊಳ್ಳುವ ಬದಲು ತಮ್ಮ ಕಷ್ಟವನ್ನು ನಿಷ್ಕಪಟವಾಗಿ ಹೇಳಿಕೊಂಡರೆ, ಪ್ರತಿಯೊಬ್ಬರೂ ಒಂದು ಉಪಾಯವನ್ನೂ ಒಂದು ಹಿಡಿ ಧೈರ್ಯವನ್ನೂ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಹಿಂದಿರುಗುವರೆಂಬುದರಲ್ಲಿ ಸಂದೇಹವಿಲ್ಲ.